ಅವರ ಫೈಲು, ನಮ್ಮ ಕಂಪ್ಯೂಟರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು ಎಂಬ ಸುದ್ದಿಯನ್ನು ನೀವು ಕೇಳಿರುತ್ತೀರಿ. ಅದೇ ದಿನ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿಯಿತು. ಈ ಎರಡನೆಯ ಸುದ್ದಿ ಅಷ್ಟಾಗಿ ಯಾರ ಕಿವಿಗೂ ಬಿದ್ದಂತಿಲ್ಲ. ಬೆಂಬಲ ಮುಗಿದ ಮರುದಿನವೂ ವರ್ಡ್ ತೆರೆಯುತ್ತದೆ, ಎಕ್ಸೆಲ್ ಕೂಡುತ್ತದೆ, ಕಳೆಯುತ್ತದೆ. ಆದರೆ ಭದ್ರತೆಯ ಲೋಪ ಸಿಕ್ಕರೆ ಅದನ್ನು ಸರಿಪಡಿಸುವ ಅಪ್‌ಡೇಟ್ ಬರುವುದಿಲ್ಲ. ಇನ್ನು ಎಷ್ಟೋ ಕಚೇರಿಗಳಲ್ಲಿ ಆಫೀಸ್ ಎಲ್ಲಿಂದ ಬಂತೆಂದು ಕೇಳುವ ಪದ್ಧತಿಯೇ ಇಲ್ಲ. ಕಂಪ್ಯೂಟರ್ ತಂದ ದಿನ ಅಂಗಡಿಯ ಹುಡುಗ ಪೆನ್‌ಡ್ರೈವಿನಿಂದ ಹಾಕಿಕೊಟ್ಟ, ಅಲ್ಲಿಂದ ಅದು ನಡೆಯುತ್ತಿದೆ, ಅಷ್ಟೆ. ಅಂಥ ಕದ್ದ ಪ್ರತಿಗಳ ಜೊತೆ ಒಳಗೆ ಏನೇನು ಬಂದು ಕೂತಿದೆ ಎಂಬುದು ಹಾಕಿಕೊಟ್ಟ ಹುಡುಗನಿಗೂ ಗೊತ್ತಿರುವುದಿಲ್ಲ.

ಹೀಗಾಗಿ ಶಾಲೆ, ಸಹಕಾರ ಸಂಘ, ಡಿಟಿಪಿ ಅಂಗಡಿ, ವಕೀಲರ ಕಚೇರಿ ಎಲ್ಲ ಕಡೆ ಈಗ ಒಂದೇ ಪ್ರಶ್ನೆ: ಮೈಕ್ರೋಸಾಫ್ಟ್ ಆಫೀಸಿನ ಬದಲಿಗೆ ಏನು ಹಾಕಿಕೊಳ್ಳೋಣ? ಬೆಲೆಯ ಚರ್ಚೆ ಬೇಗ ಮುಗಿಯುತ್ತದೆ, ಏಕೆಂದರೆ ಒಳ್ಳೆಯ ಬದಲಿಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ತಕರಾರು ಏಳುವುದು ಆಮೇಲೆ. ಬಿಇಒ ಕಚೇರಿಯಿಂದ ಬರುವ ಫಾರಂ ಸರಿಯಾಗಿ ತೆರೆಯುತ್ತದೆಯೇ? ನಾವು ತುಂಬಿ ಕಳಿಸಿದ್ದು ಅವರ ವರ್ಡ್‌ನಲ್ಲಿ ನೆಟ್ಟಗೆ ಕಾಣುತ್ತದೆಯೇ? ಆಡಿಟರು ಕಳಿಸಿದ ಶೀಟಿನ ಸೂತ್ರಗಳು ಹಾಗೆಯೇ ಇರುತ್ತವೆಯೇ? ಇವತ್ತಿನ ಮಾತು ಈ ಹೊಂದಾಣಿಕೆಯ ಬಗ್ಗೆ.

ಮೊದಲು ಒಂದು ಸಣ್ಣ ಪ್ರಯೋಗ. ನಿಮ್ಮಲ್ಲಿರುವ ವರ್ಡಿನ ಯಾವುದಾದರೂ ಡಾಕ್‌ಎಕ್ಸ್ ಫೈಲಿನ ನಕಲು ಮಾಡಿಕೊಳ್ಳಿ. ಹೆಸರಿನ ಬಾಲದಲ್ಲಿರುವ ‘ಡಾಕ್‌ಎಕ್ಸ್’ ಅಳಿಸಿ ಆ ಜಾಗದಲ್ಲಿ ‘ಜಿಪ್’ ಎಂದು ಬರೆದು ತೆರೆಯಿರಿ. ನೀವು ಒಂದು ಫೈಲು ಎಂದುಕೊಂಡಿದ್ದುದು ಒಂದು ಗಂಟು ಎಂದು ತಿಳಿಯುತ್ತದೆ. ಒಳಗೆ ‘ವರ್ಡ್’ ಎಂಬ ಫೋಲ್ಡರು, ಅದರೊಳಗೆ ‘ಡಾಕ್ಯುಮೆಂಟ್’ ಎಂಬ ಎಕ್ಸ್‌ಎಂಎಲ್ ಫೈಲು, ಚಿತ್ರಗಳಿದ್ದರೆ ‘ಮೀಡಿಯಾ’ ಎಂಬ ಇನ್ನೊಂದು ಫೋಲ್ಡರು. ಆ ಎಕ್ಸ್‌ಎಂಎಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನೀವು ಟೈಪು ಮಾಡಿದ ಮಾತುಗಳು ಕಾಣುತ್ತವೆ. ಪ್ರತಿ ಮಾತಿನ ಹಿಂದೆ ಮುಂದೆ ಅಪ್ಪಣೆಗಳೂ ಇರುತ್ತವೆ. ಇದು ಹೊಸ ಪ್ಯಾರಾ, ಇದು ದಪ್ಪಕ್ಷರ, ಫಾಂಟಿನ ಹೆಸರು ಇಂಥದು, ಗಾತ್ರ ಇಷ್ಟು. ಗಾತ್ರವನ್ನು ಅರ್ಧ ಪಾಯಿಂಟಿನ ಲೆಕ್ಕದಲ್ಲಿ ಬರೆದಿರುತ್ತಾರೆ, ಹಾಗಾಗಿ ನಿಮ್ಮ 12 ಪಾಯಿಂಟು ಅಲ್ಲಿ 24 ಎಂದು ಕಾಣುತ್ತದೆ. ಇಂಗ್ಲಿಷಿಗೆ ಒಂದು ಫಾಂಟು, ಒಂದು ಗಾತ್ರ. ಕನ್ನಡದಂಥ ಲಿಪಿಗಳಿಗೆ ಬೇರೆಯದೇ ಫಾಂಟು, ಬೇರೆಯದೇ ಗಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಇರುವ ಆ ಫೈಲಿನಲ್ಲಿ ಒಂದು ಸಂಗತಿಯನ್ನು ಬರೆದಿರುವುದಿಲ್ಲ: ಸಾಲು ಎಲ್ಲಿ ಮುಗಿಯಬೇಕು ಎಂಬುದು. ಫೈಲು ತೆರೆದಾಗಲೆಲ್ಲ ಆ ಲೆಕ್ಕವನ್ನು ತೆರೆದ ತಂತ್ರಾಂಶವೇ ಹೊಸದಾಗಿ ಹಾಕುತ್ತದೆ. ಫಾಂಟಿನ ಅಕ್ಷರಗಳ ಅಗಲ ಕೂಡಿ, ಮಾರ್ಜಿನ್ ಬಿಟ್ಟು, ಮಾತು ಹಿಡಿಸದಿದ್ದರೆ ಕೆಳಗಿನ ಸಾಲಿಗೆ ಇಳಿಸುತ್ತದೆ. ಒಂದು ಸಾಲು ಹೆಚ್ಚಾದರೆ ಪ್ಯಾರಾ ಬೆಳೆಯುತ್ತದೆ, ಪ್ಯಾರಾ ಬೆಳೆದರೆ ಪುಟ ಜಾರುತ್ತದೆ, ಪುಟ ಜಾರಿದರೆ ಮೂರು ಪುಟದ ಅರ್ಜಿ ನಾಲ್ಕಾಗಿ ಸಹಿಯ ಜಾಗವೊಂದೇ ಕೊನೆಯ ಪುಟದಲ್ಲಿ ಕೂತಿರುತ್ತದೆ. ‘ಈ ಸಾಫ್ಟ್‌ವೇರಿನಲ್ಲಿ ಫೈಲೆಲ್ಲ ಕೆಟ್ಟುಹೋಯಿತು’ ಎಂದು ಜನ ಬೈಯುವ ಹೆಚ್ಚಿನ ಸಂದರ್ಭಗಳಲ್ಲಿ ಆಗಿರುವುದು ಇಷ್ಟೇ. ಫೈಲು ಕೆಟ್ಟಿರುವುದಿಲ್ಲ. ಅದು ಕೇಳಿದ ಫಾಂಟು ಈ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಹಿಂದೆ ಪರಿಸ್ಥಿತಿ ಇದಕ್ಕಿಂತ ಕಷ್ಟವಿತ್ತು. ಹಳೆಯ ಡಾಕ್ ಫೈಲುಗಳ ಒಳರಚನೆ ಮೈಕ್ರೋಸಾಫ್ಟಿನವರಿಗೆ ಮಾತ್ರ ಗೊತ್ತಿತ್ತು. ಅವರು ಅದರ ವಿವರಗಳನ್ನು ಎಲ್ಲರಿಗೂ ಬಿಚ್ಚಿಟ್ಟದ್ದು 2008ರಲ್ಲಿ. ಅಲ್ಲಿಯತನಕ ಬೇರೆಯವರೆಲ್ಲ ಬಿಡಿಸಿ ನೋಡಿ, ಊಹೆ ಮಾಡಿ ಅದನ್ನು ಓದುವ ದಾರಿ ಕಂಡುಕೊಳ್ಳಬೇಕಾಗಿತ್ತು. ಈ ನಡುವೆ, ಯಾವ ಕಂಪನಿಯ ಹಂಗೂ ಇಲ್ಲದ ಒಂದು ಮಾದರಿ ಬೇಕೆಂದು ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್, ಅಂದರೆ ಒಡಿಎಫ್, ತಯಾರಾಯಿತು. 2006ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ಮಾನ್ಯತೆ ಸಿಕ್ಕಿತು. ಮೈಕ್ರೋಸಾಫ್ಟು ತನ್ನ ಹೊಸ ಡಾಕ್‌ಎಕ್ಸ್ ಕುಟುಂಬವನ್ನು ಆರು ಸಾವಿರ ಪುಟ ಮೀರಿದ ವಿವರಣೆಯೊಂದಿಗೆ ಅದೇ ಐಎಸ್‌ಒ ಮುಂದೆ ಇಟ್ಟಾಗ ದೊಡ್ಡ ಜಗಳವೇ ಆಯಿತು. ಭಾರತ 2007ರಲ್ಲಿ ಅದರ ವಿರುದ್ಧ ಮತ ಹಾಕಿತು, 2008ರಲ್ಲಿಯೂ ತನ್ನ ನಿಲುವು ಬದಲಿಸಲಿಲ್ಲ. ಆದರೂ ಅದು ಅಂಗೀಕಾರವಾಯಿತು. ಅದರಲ್ಲೂ ಎರಡು ಬಗೆ. ಹಳೆಯ ಪದ್ಧತಿಗಳನ್ನೆಲ್ಲ ಹೊತ್ತು ತಂದ ‘ಟ್ರಾನ್ಸಿಷನಲ್’ ಒಂದು, ಶುದ್ಧೀಕರಿಸಿದ ‘ಸ್ಟ್ರಿಕ್ಟ್’ ಇನ್ನೊಂದು. ವರ್ಡ್ ತಾನಾಗಿ ಉಳಿಸುವುದು ಇವತ್ತಿಗೂ ಮೊದಲನೆಯದರಲ್ಲೇ. ಹೀಗಾಗಿ ಬದಲಿ ತಂತ್ರಾಂಶ ಬರೆಯುವವರು ಪುಸ್ತಕದಲ್ಲಿ ಇರುವುದನ್ನು ಓದಿದರೆ ಸಾಲದು, ವರ್ಡ್ ನಿಜವಾಗಿ ಏನು ಮಾಡುತ್ತದೆ ಎಂದು ನೋಡಿ ನೋಡಿ ಅನುಸರಿಸಬೇಕು.

ಈ ಅನುಸರಣೆಯ ಬಗ್ಗೆ ನನಗೆ ತುಂಬ ಇಷ್ಟವಾದ ಕಥೆಯೊಂದಿದೆ. 1900ನೇ ಇಸವಿಯಲ್ಲಿ ಅಧಿಕ ದಿನ ಇರಲಿಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಆದರೆ ಎಕ್ಸೆಲನ್ನು ಕೇಳಿ, ಅದು 1900ರ ಫೆಬ್ರವರಿ 29 ಎಂಬ ಇಲ್ಲದ ದಿನವನ್ನು ಇದೆ ಎನ್ನುತ್ತದೆ. ಮೈಕ್ರೋಸಾಫ್ಟಿನ ಎಂಜಿನಿಯರುಗಳಿಗೆ ಇಷ್ಟು ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಎಕ್ಸೆಲ್‌ಗಿಂತ ಮೊದಲು ಮಾರುಕಟ್ಟೆ ಆಳುತ್ತಿದ್ದ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿ ಆ ತಪ್ಪಿತ್ತು. ಲೋಟಸ್ಸಿನ ಫೈಲುಗಳು ಎಕ್ಸೆಲಿನಲ್ಲಿ ಒಂದು ದಿನವೂ ಹೆಚ್ಚುಕಡಿಮೆಯಾಗದೆ ತೆರೆಯಬೇಕಲ್ಲ, ಅದಕ್ಕಾಗಿ ಬೇಕೆಂದೇ ಆ ತಪ್ಪನ್ನೂ ಎತ್ತಿಕೊಂಡರು. ಆಗ ಎಕ್ಸೆಲ್ಲೇ ‘ಬದಲಿ ತಂತ್ರಾಂಶ’ ಆಗಿತ್ತು ನೋಡಿ! ಇವತ್ತಿನ ಬದಲಿಗಳಲ್ಲಿ ಒಂದಾದ ಲಿಬ್ರೆಆಫೀಸ್ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. ಅದು ದಿನಗಳ ಎಣಿಕೆಯನ್ನು 1899ರ ಡಿಸೆಂಬರ್ 30ರಿಂದ ಶುರು ಮಾಡುತ್ತದೆ. ಹಾಗಾಗಿ 1900ರ ಮಾರ್ಚ್ 1ರಿಂದ ಈಚಿನ ಎಲ್ಲ ದಿನಾಂಕಗಳೂ ಎರಡರಲ್ಲೂ ಒಂದೇ. ನಿಮ್ಮ ಸಂಘದ ಸದಸ್ಯರಲ್ಲಿ ಅದಕ್ಕೂ ಮುಂಚೆ ಹುಟ್ಟಿದವರು ಯಾರೂ ಇರಲಾರರು.

ಈಗ ಆಯ್ಕೆಗಳಿಗೆ ಬರೋಣ. ಜರ್ಮನಿಯಲ್ಲಿ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವಿತ್ತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನು ಕೊಂಡು, ಮರುವರ್ಷ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿ ಒರಾಕಲ್‌ನ ಪಾಲಾದಾಗ, ಅದರ ಕೈಯಲ್ಲಿ ಇದು ಉಳಿಯುತ್ತದೆಂಬ ನಂಬಿಕೆ ಇಲ್ಲದ ಕಾರ್ಯಕರ್ತರು ಅದೇ ವರ್ಷ ಸೆಪ್ಟೆಂಬರ್ 28ರಂದು ದ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಘೋಷಿಸಿ ಲಿಬ್ರೆಆಫೀಸ್ ಹೊರತಂದರು. ಹಳೆಯ ಹೆಸರು ಅಪಾಚೆ ಓಪನ್‌ಆಫೀಸ್ ಎಂದು ಇವತ್ತಿಗೂ ಇದೆ. ಅದರ 4.1 ಆವೃತ್ತಿ ಬಂದದ್ದು 2014ರಲ್ಲಿ. ಆಮೇಲೆ ಬಂದಿರುವುದೆಲ್ಲ ಸಣ್ಣಪುಟ್ಟ ರಿಪೇರಿ. ಹೆಸರು ಕೇಳಿದ್ದೇವೆ ಎಂಬ ಒಂದೇ ಕಾರಣಕ್ಕೆ ಅನೇಕರು ಅದನ್ನೇ ಹಾಕಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಡಾಕ್‌ಎಕ್ಸ್ ಫೈಲನ್ನು ತೆರೆಯುತ್ತದೆ, ಆದರೆ ಡಾಕ್‌ಎಕ್ಸ್ ಆಗಿ ಉಳಿಸುವುದಿಲ್ಲ. ತಿದ್ದಿ ವಾಪಸು ಕಳಿಸಬೇಕಾದವರಿಗೆ ಇದೊಂದೇ ಸಾಕು, ಅದನ್ನು ಪಕ್ಕಕ್ಕಿಡಲು.

ಹೆಚ್ಚಿನವರಿಗೆ ನನ್ನ ಸಲಹೆ ಲಿಬ್ರೆಆಫೀಸೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ನೆಟ್ ಬೇಡ, ಖಾತೆ ತೆರೆಯಬೇಕಾಗಿಲ್ಲ, ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ಹಳೆಯ ಫೈಲುಗಳ ವಿಷಯದಲ್ಲಿ ಇದರ ಹೊಟ್ಟೆ ದೊಡ್ಡದು. ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್, ಪಬ್ಲಿಷರ್ ಫೈಲುಗಳನ್ನೂ ತೆರೆಯುತ್ತದೆ. 2015ರಿಂದ ಪೇಜ್‌ಮೇಕರ್ ಫೈಲುಗಳನ್ನೂ ಇದರ ಡ್ರಾ ವಿಭಾಗದಲ್ಲಿ ತೆರೆಯಬಹುದು. ನಮ್ಮ ಮುದ್ರಣಾಲಯಗಳ ಹಳೆಯ ಸಿಡಿಗಳಲ್ಲಿ ಅಭಿನಂದನ ಗ್ರಂಥ, ಸ್ಮರಣ ಸಂಚಿಕೆಗಳೆಲ್ಲ ಪೇಜ್‌ಮೇಕರಿನಲ್ಲೇ ಮಲಗಿವೆಯಲ್ಲ, ಅವನ್ನು ಎಬ್ಬಿಸಿ ನೋಡಲು ಇದು ಒಂದು ದಾರಿ. ಪುಟವಿನ್ಯಾಸ ಅಚ್ಚುಕಟ್ಟಾಗಿ ಬರುತ್ತದೆಂದು ನಿರೀಕ್ಷಿಸಬೇಡಿ, ಪಠ್ಯ ಕೈಗೆ ಸಿಕ್ಕರೆ ದೊಡ್ಡದು.

ದಿನಕ್ಕೆ ಹತ್ತು ಸಲ ಡಾಕ್‌ಎಕ್ಸ್ ಫೈಲು ಹೋಗಿ ಬರುವ ಕಚೇರಿಯಾದರೆ, ಸಿಬ್ಬಂದಿಯ ಕಣ್ಣು ವರ್ಡಿನ ಪಟ್ಟಿಗೇ ಒಗ್ಗಿಹೋಗಿದ್ದರೆ, ಲಾಟ್ವಿಯಾದ ಓನ್ಲಿಆಫೀಸನ್ನು ನೋಡಬಹುದು. ಅದರ ಮೂಲ ಭಾಷೆಯೇ ಡಾಕ್‌ಎಕ್ಸ್, ನೋಟವೂ ವರ್ಡಿನಂಥದೇ, ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿ ಉಚಿತ. ಜರ್ಮನಿಯ ಸಾಫ್ಟ್‌ಮೇಕರ್‌ನವರ ಫ್ರೀಆಫೀಸ್ ಕೂಡ ಡಾಕ್‌ಎಕ್ಸನ್ನು ಚೆನ್ನಾಗಿ ನಿಭಾಯಿಸುತ್ತದೆ, ಹಳೆಯ ಯಂತ್ರಗಳಲ್ಲೂ ಚುರುಕಾಗಿ ಓಡುತ್ತದೆ. ಎರಡರಲ್ಲೂ ನೀವು ಮೊದಲು ನೋಡಬೇಕಾದದ್ದು ಕನ್ನಡ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಅರ್ಕಾವತಿ’, ‘ಕೃಷ್ಣಮೂರ್ತಿ’ ಎಂದು ಟೈಪು ಮಾಡಿ. ಒತ್ತಕ್ಷರ ಕೆಳಗೆ ಕೂರುತ್ತದೆಯೇ, ಅರ್ಕಾವೊತ್ತು ಜಾಗದಲ್ಲಿದೆಯೇ, ಕರ್ಸರ್ ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತದೆಯೇ, ಆಮೇಲೆ ಪಿಡಿಎಫ್ ಮಾಡಿದಾಗಲೂ ಹಾಗೆಯೇ ಉಳಿಯುತ್ತದೆಯೇ ನೋಡಿ. ಲಿಬ್ರೆಆಫೀಸಿನಲ್ಲಿ 2017ರ 5.3 ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಎಲ್ಲ ಕಡೆಯೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ ಮಾಡುತ್ತದೆ. ಅದಕ್ಕೆ ಮೊದಲು ವಿಂಡೋಸಿನಲ್ಲಿ ಒಂದು ಲೆಕ್ಕ, ಲಿನಕ್ಸಿನಲ್ಲಿ ಇನ್ನೊಂದು ಲೆಕ್ಕ ಇತ್ತು. ಅದೇ ಫೈಲು, ಅದೇ ಫಾಂಟು, ಸಾಲು ಮಾತ್ರ ಬೇರೆ ಕಡೆ ಮುರಿಯುತ್ತಿತ್ತು.

ಚೀನಾದ ಕಿಂಗ್‌ಸಾಫ್ಟಿನ ಡಬ್ಲ್ಯುಪಿಎಸ್ ನೋಡಲು ಸುಂದರ, ಹೊಂದಾಣಿಕೆಯೂ ಪರವಾಗಿಲ್ಲ. ಆದರೆ ಅದರ ಉಚಿತ ಆವೃತ್ತಿಯ ಜಾಹೀರಾತುಗಳ ನಡುವೆ ಸರ್ಕಾರಿ ಕಾಗದ ಟೈಪು ಮಾಡುವುದು ನನಗೆ ಒಗ್ಗುವುದಿಲ್ಲ. ಗೂಗಲ್ ಡಾಕ್ಸ್, ಚೆನ್ನೈನ ಜೋಹೋ ರೈಟರ್ ಇವೆಲ್ಲ ನೆಟ್ಟಿನ ಮೇಲೆ ನಿಂತವು. ನಾಲ್ಕು ಜನ ಕೂಡಿ ಒಂದೇ ವರದಿ ಬರೆಯುವುದಿದ್ದರೆ ಅವುಗಳಿಗೆ ಸಮ ಬೇರೆ ಇಲ್ಲ. ಕಕ್ಷಿದಾರರ ದಾಖಲೆ, ರೋಗಿಗಳ ಪಟ್ಟಿ, ಸಂಘದ ಸಾಲದ ವಿವರಗಳನ್ನು ಬೇರೆಯವರ ಸರ್ವರಿನಲ್ಲಿ ಇಡಬೇಕೇ ಎಂಬುದು ಮಾತ್ರ ಆ ಕಚೇರಿಯ ಮುಖ್ಯಸ್ಥರು ಕೂತು ತೀರ್ಮಾನಿಸಬೇಕಾದ ವಿಷಯ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಮೈಕ್ರೋಸಾಫ್ಟಿನದೇ ವರ್ಡ್, ಎಕ್ಸೆಲ್ ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತವೆ, ಒಂದು ಖಾತೆ ಇದ್ದರೆ ಸಾಕು. ಸೌಲಭ್ಯಗಳು ಕಡಿಮೆ. ಆದರೂ ನೀವು ಬೇರೆ ಕಡೆ ತಯಾರಿಸಿದ ಫೈಲು ವರ್ಡ್ ಇರುವವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಪರೀಕ್ಷಿಸಿಕೊಳ್ಳಲು ಅದು ಬೇಕಾದಷ್ಟಾಯಿತು.

ಇಷ್ಟು ಹೆಸರು ಹೇಳಿದ ಮೇಲೆ ಒಂದು ಮಾತು. ಹೊಂದಾಣಿಕೆ ಯಾವ ತಂತ್ರಾಂಶದಲ್ಲಿ ಹೆಚ್ಚು ಎಂದು ಹೊರಗಿನಿಂದ ಯಾರೂ ಅಂಕ ಕೊಡಲು ಆಗುವುದಿಲ್ಲ. ನಿಮ್ಮ ಕಚೇರಿಯ ಫೈಲುಗಳೇ ಅದನ್ನು ಹೇಳಬೇಕು. ತೆರೆದು ಓದುವುದು ಬೇರೆ, ತಿದ್ದುವುದು ಬೇರೆ, ತಿದ್ದಿ ಹಿಂದಿರುಗಿಸುವುದು ಬೇರೆ. ಓದುವುದಕ್ಕೆ ಮಾತ್ರ ಬರುವ ಸುತ್ತೋಲೆಯಲ್ಲಿ ಸಾಲು ಅತ್ತಿತ್ತ ಆದರೆ ಯಾರ ಗಂಟೂ ಹೋಗುವುದಿಲ್ಲ. ಹಿಂದಿರುಗಿಸಬೇಕಾದ ಕರಾರುಪತ್ರದಲ್ಲಿ, ಯಾರು ಯಾವ ತಿದ್ದುಪಡಿ ಮಾಡಿದರೆಂಬ ಗುರುತೂ ಹಾಗೆಯೇ ಉಳಿಯಬೇಕು. ನಿಮ್ಮಲ್ಲಿ ಯಾವ ಬಗೆಯ ಕೆಲಸ ಹೆಚ್ಚೆಂದು ಮೊದಲು ನೋಡಿಕೊಳ್ಳಿ.

ಒಂದು ಫೈಲನ್ನು ಹತ್ತಿರದಿಂದ ನೋಡೋಣ. ಪ್ರೌಢಶಾಲೆಯೊಂದರ ವಿಜ್ಞಾನದ ಪ್ರಶ್ನೆಪತ್ರಿಕೆ. ವಿಂಡೋಸಿನ ವರ್ಡಿನಲ್ಲಿ, ತುಂಗಾ ಫಾಂಟಿನಲ್ಲಿ ಟೈಪು ಮಾಡಿದ್ದು. ಪ್ರತಿ ಪ್ರಶ್ನೆಯ ಬಲತುದಿಯಲ್ಲಿ ಅಂಕ. ಅದನ್ನು ತುದಿಗೆ ತಳ್ಳಿರುವುದು ಹೇಗೆ? ಸ್ಪೇಸ್‌ಬಾರ್ ಒತ್ತಿ ಒತ್ತಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಅ, ಆ, ಇ, ಈ ಎಂಬ ನಾಲ್ಕು ಉತ್ತರಗಳು ಒಂದೇ ಸಾಲಿನಲ್ಲಿ, ಅಲ್ಲೂ ನಡುವೆ ಸ್ಪೇಸುಗಳು. ಹೊಸ ಪುಟ ಬೇಕಾದಾಗ ಎಂಟರ್ ಒತ್ತಿಕೊಂಡು ಕೆಳಗೆ ಇಳಿದಿದ್ದಾರೆ. ಈ ಫೈಲನ್ನು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ತೆರೆಯಿರಿ. ಅಲ್ಲಿ ತುಂಗಾ ಇಲ್ಲ. ಲೋಹಿತ್ ಕನ್ನಡವೋ ನೋಟೊ ಸಾನ್ಸ್ ಕನ್ನಡವೋ ಆ ಜಾಗಕ್ಕೆ ಬರುತ್ತದೆ. ಅಕ್ಷರಗಳ ಅಗಲ ಬೇರೆ, ಸಾಲುಗಳ ಎತ್ತರ ಬೇರೆ. ಅಂಕಗಳೆಲ್ಲ ಕೆಳಗಿನ ಸಾಲಿನ ಎಡತುದಿಗೆ ಬಿದ್ದಿರುತ್ತವೆ, ‘ಈ’ ಉತ್ತರ ಒಂಟಿಯಾಗಿ ಕೆಳಗೆ ಕೂತಿರುತ್ತದೆ, ಚಿತ್ರ ಒಂದು ಪುಟದಲ್ಲಿ, ಅದರ ಪ್ರಶ್ನೆ ಇನ್ನೊಂದರಲ್ಲಿ. ಮೇಷ್ಟರು ಹೊಸ ತಂತ್ರಾಂಶಕ್ಕೆ ಶಾಪ ಹಾಕುತ್ತಾರೆ.

ವಾಸ್ತವದಲ್ಲಿ ಈ ಪತ್ರಿಕೆಯನ್ನು ಇನ್ನೊಂದು ವರ್ಡಿನಲ್ಲಿ ತೆರೆದರೂ, ಅಲ್ಲಿ ಫಾಂಟು ಬೇರೆ ಇದ್ದರೆ, ಹೀಗೇ ಆಗುತ್ತದೆ. ಅಂಕಕ್ಕೆ ಬಲತುದಿಯ ಟ್ಯಾಬ್ ಇಟ್ಟು, ನಾಲ್ಕು ಉತ್ತರಗಳನ್ನು ಗೆರೆ ಕಾಣದ ಟೇಬಲಿನಲ್ಲಿ ಕೂರಿಸಿ, ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದ್ದರೆ ಅದೇ ಪತ್ರಿಕೆ ಎಲ್ಲಿ ತೆರೆದರೂ ಇಷ್ಟೆಲ್ಲ ಜಗ್ಗುತ್ತಿರಲಿಲ್ಲ. ಶೀರ್ಷಿಕೆಗಳಿಗೆ, ಪ್ಯಾರಾಗಳಿಗೆ ‘ಸ್ಟೈಲ್’ ಬಳಸುವ ಅಭ್ಯಾಸ ಒಂದು ಬಂದುಬಿಟ್ಟರೆ ಹೊಂದಾಣಿಕೆಯ ಅರ್ಧ ಜಗಳ ಮುಗಿದಂತೆ. ಇದನ್ನು ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿಸಬೇಕು. ಅಲ್ಲಿ ಅಕ್ಷರವನ್ನು ಬಿಲ್ಲಿನಂತೆ ಬಗ್ಗಿಸುವ ವರ್ಡ್‌ಆರ್ಟನ್ನು ಮಾತ್ರ ತಪ್ಪದೆ ಕಲಿಸುತ್ತಾರೆ!

ಇಂಗ್ಲಿಷ್ ಫಾಂಟುಗಳ ಸಮಸ್ಯೆಗೆ ಒಳ್ಳೆಯ ಪರಿಹಾರವಿದೆ. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗಳಿಗೆ ಬದಲಾಗಿ ಲಿಬರೇಶನ್ ಫಾಂಟುಗಳು 2007ರಿಂದ ಇವೆ. ಕ್ಯಾಲಿಬ್ರಿಗೆ ಕಾರ್ಲಿಟೊ, ಕೇಂಬ್ರಿಯಾಗೆ ಕೆಲಾಡಿಯಾ. ಬಟ್ಟೆ ಬೇರೆಯಾದರೂ ಅದೇ ಅಳತೆಗೆ ಹೊಲಿದ ಅಂಗಿಗಳಿವು. ಅಕ್ಷರದ ರೂಪ ಸ್ವಲ್ಪ ಬೇರೆ, ಪ್ರತಿ ಅಕ್ಷರದ ಅಗಲ ಮಾತ್ರ ಒಂದೇ. ಆದ್ದರಿಂದ ಸಾಲು ಅಲ್ಲೇ ಮುರಿಯುತ್ತದೆ. ಕನ್ನಡದ ತುಂಗಾಕ್ಕೋ ನಿರ್ಮಲಾ ಯುಐಗೋ ಇಂಥ ಜೋಡಿ ಮಾಡಿಟ್ಟವರಿಲ್ಲ. ನಮಗಿರುವ ದಾರಿ, ಎರಡೂ ಕಡೆ ಒಂದೇ ಮುಕ್ತ ಫಾಂಟು ಹಾಕಿಕೊಳ್ಳುವುದು. ನೋಟೊ ಸೆರಿಫ್ ಕನ್ನಡ, ಗುಬ್ಬಿ, ನವಿಲು ಎಲ್ಲ ಪುಕ್ಕಟೆ ಸಿಗುತ್ತವೆ. ಎದುರಿನವರಿಗೆ ಹಾಕಿಕೊಳ್ಳಿ ಎನ್ನಲಾಗದಿದ್ದರೆ ಫಾಂಟನ್ನು ಫೈಲಿನೊಳಗೇ ಸೇರಿಸಿ ಕಳಿಸುವ ಸೌಲಭ್ಯ ವರ್ಡಿನಲ್ಲೂ ಇದೆ, ಲಿಬ್ರೆಆಫೀಸಿನ ‘ಪ್ರಾಪರ್ಟೀಸ್’ ಪುಟದಲ್ಲೂ ಇದೆ.

ಲಿಬ್ರೆಆಫೀಸ್ ಹಾಕಿಕೊಂಡ ಮೊದಲ ದಿನವೇ ಕನ್ನಡಿಗರು ಮಾಡಬೇಕಾದ ಕೆಲಸ ಇನ್ನೊಂದಿದೆ. ‘ಟೂಲ್ಸ್’ ಒಳಗಿನ ‘ಆಪ್ಷನ್ಸ್’ನಲ್ಲಿ ಭಾಷೆಗಳ ಪುಟ ತೆರೆದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡ ಆರಿಸಿ. ಆಗ ಸ್ಟೈಲುಗಳಲ್ಲಿ ಇಂಗ್ಲಿಷಿಗೆ ಬೇರೆ, ಕನ್ನಡಕ್ಕೆ ಬೇರೆ ಫಾಂಟು ಮತ್ತು ಗಾತ್ರದ ಜಾಗ ಕಾಣುತ್ತದೆ. ಗಾತ್ರ 14ಕ್ಕೆ ಏರಿಸಿದರೂ ಕನ್ನಡ ಮಾತ್ರ ಸಣ್ಣದಾಗಿಯೇ ಉಳಿಯಿತು ಎಂಬ ದೂರಿನ ಮೂಲ ಇಲ್ಲಿದೆ. ಆಗಲೇ ಗಂಟು ಬಿಚ್ಚಿದಾಗ ಫೈಲಿನೊಳಗೆ ಎರಡು ಗಾತ್ರ ಬರೆದಿರುತ್ತದೆ ಎಂದೆನಲ್ಲ, ಅದೇ ಇದು.

ನುಡಿ, ಶ್ರೀಲಿಪಿಗಳ ಹಳೆಯ ಫೈಲುಗಳದು ಬೇರೆಯೇ ಅಧ್ಯಾಯ. ಯೂನಿಕೋಡ್ ಪೂರ್ವದ ಆ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಅದು ಇಂಗ್ಲಿಷ್ ಅಕ್ಷರಗಳ, ಯುರೋಪಿನ ಚಿಹ್ನೆಗಳ ಸಾಲು; ಮೇಲೆ ಕನ್ನಡದ ವೇಷ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ, ಅಷ್ಟೆ. ಹೊಸ ತಂತ್ರಾಂಶದಲ್ಲಿ ಅದೇ ಫಾಂಟು ಹಾಕಿಕೊಂಡರೆ ಓದಲು ತೊಂದರೆಯಿಲ್ಲ. ತಿದ್ದಲು ಹೊರಟಾಗ ಮಾತ್ರ ಹುಷಾರು. ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುವ, ಉದ್ಧರಣ ಚಿಹ್ನೆಯನ್ನು ಬಾಗಿಸುವ ‘ಆಟೊಕರೆಕ್ಟ್’ ಎಂಬುದು ಇಂಗ್ಲಿಷ್ ಎಂದುಕೊಂಡು ಅಕ್ಷರ ಬದಲಿಸಿಬಿಡುತ್ತದೆ, ನಿಮ್ಮ ‘ಕ’ ಇನ್ನೇನೋ ಆಗಿರುತ್ತದೆ. ಮೊದಲು ಅದನ್ನು ನಿಲ್ಲಿಸಿಟ್ಟುಕೊಳ್ಳಿ. ಆಮೇಲೆ ಪುರುಸೊತ್ತು ಮಾಡಿಕೊಂಡು, ಪರಿವರ್ತಕ ತಂತ್ರಾಂಶದಿಂದ ಆ ಫೈಲುಗಳನ್ನೆಲ್ಲ ಯೂನಿಕೋಡಿಗೆ ತಂದುಬಿಡಿ. ಆಫೀಸ್ ಬದಲಿಸಿದರೂ, ಬದಲಿಸದೆ ಇದ್ದರೂ ಈ ಕೆಲಸ ಮಾತ್ರ ತಪ್ಪುವಂಥದ್ದಲ್ಲ.

ಲೆಕ್ಕದ ಹಾಳೆಗಳಿಗೆ ಬಂದರೆ ಸಾಮಾನ್ಯ ಕೂಡು, ಕಳೆ, ಶೇಕಡಾ, ಪಟ್ಟಿ ವಿಂಗಡಣೆಗಳಲ್ಲಿ ಚಿಂತೆ ಪಡಬೇಕಾದ್ದಿಲ್ಲ. ಹತ್ತು ಲಕ್ಷ ಮೀರಿದ ಸಾಲುಗಳು ಎಕ್ಸೆಲ್, ಲಿಬ್ರೆಆಫೀಸ್ ಎರಡರಲ್ಲೂ ಇವೆ. ಎಕ್ಸೆಲಿನ ಹೊಸ ಎಕ್ಸ್‌ಲುಕಪ್, ಫಿಲ್ಟರ್ ಸೂತ್ರಗಳು ಲಿಬ್ರೆಆಫೀಸಿಗೆ 24.8 ಆವೃತ್ತಿಯಲ್ಲಿ, ಅಂದರೆ 2024ರ ಆಗಸ್ಟಿನಲ್ಲಿ ಬಂದವು. ಅದಕ್ಕಿಂತ ಹಳೆಯದನ್ನು ಇಟ್ಟುಕೊಂಡು ಸೂತ್ರ ಓಡಲಿಲ್ಲ ಎನ್ನಬೇಡಿ. ಕನ್ನಡ ಹೆಸರುಗಳಿರುವ ಸಿಎಸ್‌ವಿ ಫೈಲಿನ ವಿಷಯದಲ್ಲಂತೂ ಲಿಬ್ರೆಆಫೀಸೇ ವಾಸಿ. ಎಕ್ಸೆಲಿನಲ್ಲಿ ನೇರವಾಗಿ ತೆರೆದರೆ ಹೆಸರುಗಳು ಎಷ್ಟೋ ಸಲ ಕಲಸುಮೇಲೋಗರ ಆಗುತ್ತವೆ. ಲಿಬ್ರೆಆಫೀಸ್ ತೆರೆಯುವ ಮುಂಚೆಯೇ ಅಕ್ಷರ ಸಂಕೇತ ಯಾವುದೆಂದು ಕೇಳುತ್ತದೆ, ಯುಟಿಎಫ್-8 ಎಂದರೆ ಮುಗಿಯಿತು.

ಬದಲಿಗಳು ಎಡವುವುದು ಮ್ಯಾಕ್ರೊಗಳಲ್ಲಿ. ಎಕ್ಸೆಲಿನೊಳಗೆ ಬರೆದ ಪುಟ್ಟ ಪ್ರೋಗ್ರಾಮುಗಳಿವು. ಲಿಬ್ರೆಆಫೀಸ್ ಇವುಗಳಲ್ಲಿ ಕೆಲವನ್ನು ಓಡಿಸುತ್ತದೆ, ಎಲ್ಲವನ್ನೂ ಅಲ್ಲ. ಆದಾಯ ತೆರಿಗೆ ಇಲಾಖೆ ರಿಟರ್ನ್ ತುಂಬಲು ಕೊಡುತ್ತ ಬಂದ ಎಕ್ಸೆಲ್ ಯುಟಿಲಿಟಿ ನೆನಪಿಸಿಕೊಳ್ಳಿ, ತೆರೆದ ಕೂಡಲೇ ಮ್ಯಾಕ್ರೊ ಶುರು ಮಾಡಿ ಎನ್ನುತ್ತದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇಂಥ ಫೈಲುಗಳೇ ದಿನನಿತ್ಯದ ಅನ್ನವಾಗಿದ್ದರೆ, ಒಂದು ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ತಂದ ಎಕ್ಸೆಲ್ ಇರಲಿ. ಉಳಿದ ಐದಾರು ಯಂತ್ರಗಳಿಗೆ ಅದು ಬೇಕಾಗುವುದಿಲ್ಲ. ‘ಎಲ್ಲ ಅಥವಾ ಏನೂ ಇಲ್ಲ’ ಎಂಬ ಹಟದಿಂದಲೇ ಇಂಥ ಬದಲಾವಣೆಗಳು ಅರ್ಧಕ್ಕೆ ನಿಲ್ಲುವುದು.

ದೊಡ್ಡವರ ಅನುಭವವೂ ಇದನ್ನೇ ಹೇಳುತ್ತದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಪತ್ರಗಳ ನಮೂನೆಗಳಿಗೆಂದೇ ವೋಲ್‌ಮಕ್ಸ್ ಎಂಬ ತನ್ನದೇ ಸಾಧನ ಮಾಡಿಕೊಂಡು, ವರ್ಷಗಟ್ಟಲೆ ನಡೆಸಿ, 2017ರಲ್ಲಿ ವಿಂಡೋಸಿಗೇ ಹಿಂದಿರುಗುವ ನಿರ್ಣಯ ಮಾಡಿತು. ಅದರಲ್ಲಿ ರಾಜಕೀಯ ಎಷ್ಟು, ಕಡತಗಳ ಕಿರಿಕಿರಿ ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸಿಗೆ ಒಯ್ಯುವ ತೀರ್ಮಾನ ಪ್ರಕಟಿಸಿತು. ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳಂತೂ ಕೈಟ್ ಸಂಸ್ಥೆಯ ಮೂಲಕ ಲಿನಕ್ಸು, ಲಿಬ್ರೆಆಫೀಸುಗಳಲ್ಲೇ ಪಾಠ ನಡೆಸುತ್ತ ಬಂದಿವೆ. ಇಡೀ ಶಾಲಾವ್ಯವಸ್ಥೆ ಒಂದೇ ತಂತ್ರಾಂಶ, ಒಂದೇ ಫಾಂಟುಗಳನ್ನು ಬಳಸಿದರೆ ಹೊಂದಾಣಿಕೆಯ ಪ್ರಶ್ನೆ ತಾನಾಗಿ ಕರಗುತ್ತದೆ.

ನೀವೇನು ಮಾಡಬೇಕು? ಹಳೆಯ ಆಫೀಸನ್ನು ಕೂಡಲೇ ತೆಗೆಯಬೇಡಿ. ಅದರ ಪಕ್ಕದಲ್ಲೇ ಹೊಸದನ್ನು ಹಾಕಿ, ಎರಡೂ ಒಟ್ಟಿಗೆ ಇರಬಹುದು. ನಿಮ್ಮ ಕಚೇರಿಯ ಅತಿ ಸಿಕ್ಕಲು ಫೈಲುಗಳನ್ನು ಹುಡುಕಿ ತನ್ನಿ: ಟೇಬಲು, ಚಿತ್ರ, ಅಡಿಟಿಪ್ಪಣಿ ಎಲ್ಲ ತುಂಬಿದ ಕನ್ನಡದ ವರದಿ, ಸೂತ್ರಗಳಿಂದ ಗಿಜಿಗುಡುವ ಶೀಟು, ಮೇಲಿನ ಕಚೇರಿಯಿಂದ ಬಂದ ಫಾರಂ. ತೆರೆದು ನೋಡಿ ಸುಮ್ಮನಾಗಬೇಡಿ. ಒಂದೆರಡು ಸಾಲು ತಿದ್ದಿ, ಡಾಕ್‌ಎಕ್ಸ್ ಆಗಿಯೇ ಉಳಿಸಿ, ಮತ್ತೆ ವರ್ಡಿನಲ್ಲಿ ತೆರೆಯಿರಿ. ಹೋಗಿ ಬಂದ ಮೇಲೆ ಏನು ಉಳಿಯಿತು, ಏನು ಅಳಿಯಿತು ಎಂಬುದೇ ನಿಮಗೆ ಬೇಕಾದ ಉತ್ತರ. ಉಳಿಸುವಾಗ ಲಿಬ್ರೆಆಫೀಸ್ ‘ವರ್ಡ್ ರೂಪದಲ್ಲೇ ಇರಲೋ, ಒಡಿಎಫ್‌ಗೆ ಬದಲಿಸಲೋ’ ಎಂದು ಕೇಳುತ್ತದೆ. ಕಚೇರಿಯೊಳಗೇ ಹುಟ್ಟಿ ಅಲ್ಲೇ ಇರುವ ಫೈಲುಗಳು ಒಡಿಎಫ್ ಆಗಿರಲಿ; ಡಾಕ್‌ಎಕ್ಸ್ ಆಗಿ ಬಂದದ್ದು ಡಾಕ್‌ಎಕ್ಸ್ ಆಗಿಯೇ ಹೋಗಲಿ. ಒಂದೇ ಫೈಲನ್ನು ಆ ರೂಪಕ್ಕೂ ಈ ರೂಪಕ್ಕೂ ಪದೇ ಪದೇ ಅಡ್ಡಾಡಿಸಿದರೆ ಪ್ರತಿ ಸಲ ಏನಾದರೊಂದು ಉದುರುತ್ತದೆ.

ಎದುರಿನವರು ತಿದ್ದುವುದೇನೂ ಇಲ್ಲದಿದ್ದರೆ ಪಿಡಿಎಫ್ ಕಳಿಸಿ. ಅಲ್ಲಿ ಸಾಲು, ಪುಟ, ಫಾಂಟು ಎಲ್ಲವೂ ಕಟ್ಟಿಹಾಕಿದ ಹಾಗೆ ಇರುತ್ತವೆ. ಲಿಬ್ರೆಆಫೀಸಿನಲ್ಲಿ ‘ಹೈಬ್ರಿಡ್ ಪಿಡಿಎಫ್’ ಎಂಬ ಒಂದು ಜಾಣ ಉಪಾಯವಿದೆ. ನೋಡುವವರಿಗೆ ಅದು ಸಾಧಾರಣ ಪಿಡಿಎಫ್. ಒಳಗೆ ಮೂಲ ಒಡಿಎಫ್ ಕೂಡ ಅಡಗಿರುವುದರಿಂದ ನೀವು ಮತ್ತೆ ಲಿಬ್ರೆಆಫೀಸಿನಲ್ಲಿ ತೆರೆದು ತಿದ್ದಬಹುದು. ಕಾಗದಪತ್ರ ಕಾಪಿಡುವವರಿಗೆ ಇದು ಬಹಳ ಉಪಯೋಗದ್ದು, ಯಾಕೋ ಬಳಸುವವರೇ ಕಡಿಮೆ.

ಕೊನೆಯದಾಗಿ, ಇಲಾಖೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಸುತ್ತೋಲೆ ಹೊರಡಿಸುವವರಲ್ಲಿ ಒಂದು ಕೋರಿಕೆ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ಪ್ರಕಟಿಸಿದ್ದು 2010ರ ನವೆಂಬರಿನಲ್ಲಿ. ಅದರ ಅಗತ್ಯ ಇಲ್ಲಿದೆ: ನೀವು ಕಳಿಸುವ ಒಂದು ಫೈಲು ನೂರಾರು ಕಚೇರಿಗಳಲ್ಲಿ ತೆರೆಯಬೇಕಾಗುತ್ತದೆ. ಅವರೆಲ್ಲರ ಹತ್ತಿರವೂ ನಿಮ್ಮ ವರ್ಡು, ನಿಮ್ಮ ಫಾಂಟು ಇರುವುದಿಲ್ಲ. ಓದಿಕೊಳ್ಳಬೇಕಾದ ಸುತ್ತೋಲೆಯನ್ನು ಪಿಡಿಎಫ್‌ನಲ್ಲಿ ಕಳಿಸಿ. ತುಂಬಿ ಕೊಡಬೇಕಾದ ನಮೂನೆಯನ್ನು ಯೂನಿಕೋಡ್ ಕನ್ನಡದಲ್ಲಿ, ಮುಕ್ತ ಫಾಂಟಿನಲ್ಲಿ, ಡಾಕ್‌ಎಕ್ಸ್ ಜೊತೆಗೆ ಒಡಿಎಫ್ ರೂಪದಲ್ಲೂ ಇಡಿ. ನಿಮಗದು ಐದು ನಿಮಿಷದ ಕೆಲಸ.